ಪುಟದ ನೆತ್ತಿಯ ಮೇಲಣ ದಾರಿ

ಗಣಕದ ಪರದೆಯ ಮೇಲೆ ಪಾಠವೊಂದು ತೆರೆದುಕೊಂಡಾಗ ಅದರ ನೆತ್ತಿಯ ಮೇಲೆ ಸಣ್ಣಕ್ಷರದ ಸಾಲೊಂದು ಇರುವುದನ್ನು ಈಗ ಬಹುಮಂದಿ ವಿದ್ಯಾರ್ಥಿಗಳು ಬಲ್ಲರು: ಮುಖಪುಟ, ಅದರ ಪಕ್ಕದಲ್ಲಿ ಒಂದು ಬಾಣದ ಗುರುತು, ಆಮೇಲೆ ಕೋರ್ಸಿನ ಹೆಸರು, ಮತ್ತೊಂದು ಬಾಣ, ಆಮೇಲೆ ಘಟಕ, ಕಡೆಯಲ್ಲಿ ಓದುಗನು ಆಗ ನಿಂತಿರುವ ಪುಟ. ಎಲ್ಲಿಗೆ ಬಂದಿದ್ದೇನೆ, ಯಾವ ದಾರಿಯಿಂದ ಬಂದೆ, ಹಿಂದಿರುಗಬೇಕಾದರೆ ಎಲ್ಲಿ ಕಾಲಿಡಬೇಕು ಎಂಬ ಸಂಗತಿಗಳನ್ನೆಲ್ಲ ಆ ಒಂದೇ ಸಾಲು ಹೇಳಬೇಕು. ಅದರ ಜೊತೆಗೆ ಪುಟದ ಎಡಮಗ್ಗುಲಲ್ಲಿ, ಮುಂದೆ ಎಲ್ಲೆಲ್ಲಿಗೆ ಹೋಗಬಹುದೆಂಬುದನ್ನು ತೋರಿಸುವ ಪಟ್ಟಿಯೂ ಇರುತ್ತದೆ. ಇವೆರಡನ್ನೂ ಕೂಡಿಸಿ ತಂತ್ರಜ್ಞರು ನ್ಯಾವಿಗೇಷನ್ ಎನ್ನುತ್ತಾರೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಪದವಿ ಕಾಲೇಜಿನಲ್ಲಿ ಗಣಕವಿಜ್ಞಾನವನ್ನು ಬೋಧಿಸುತ್ತಿದ್ದ ವರ್ಷಗಳಲ್ಲಿ, ತರಗತಿಯಿಂದ ಹೊರಗೆ ನಾನು ಮಾಡಿದ ಕೆಲಸಗಳೊಳಗೆ ಅತ್ಯಂತ ಪ್ರೀತಿಯಿಂದ ಮಾಡಿದುದೆಂದರೆ ಈ ದಾರಿಯ ಸಾಲನ್ನು ರಚಿಸುವ ಕೋಡನ್ನು ಬಿಚ್ಚಿ ಮರಳಿ ಕಟ್ಟಿದ ಕೆಲಸ. ಅದನ್ನು ಕುರಿತು ಬರೆದಿಡಬೇಕೆಂಬ ಆಸೆ ಬಹುಕಾಲದಿಂದ ಇದ್ದಿತು.

ನಾವು ಬಳಸುತ್ತಿದ್ದ ತಂತ್ರಾಂಶದ ಹೆಸರು ಮೂಡಲ್. ಅದನ್ನು ಮೊದಲಿಗೆ ರಚಿಸಿದ ಮಾರ್ಟಿನ್ ಡೂಗಿಯಾಮಸ್ ಅವರು ಪಶ್ಚಿಮ ಆಸ್ಟ್ರೇಲಿಯದ ಮರುಭೂಮಿಯಲ್ಲಿ, ಪಟ್ಟಣಗಳಿಂದ ಬಹುದೂರವಾದ ಒಂದು ನೆಲೆಯಲ್ಲಿ ಬೆಳೆದವರು. ಬಾಲ್ಯದ ಪಾಠಗಳನ್ನು ಅವರು ರೇಡಿಯೋ ಮುಖಾಂತರ ಕೇಳಿ ಕಲಿತರು. ಕಣ್ಣಿಗೆ ಕಾಣದ ಗುರುವಿನಿಂದ ಕಲಿಯುವುದು ಎಂಥದೆಂಬುದನ್ನು ಹೀಗೆ ಎಳೆತನದಲ್ಲಿಯೇ ಅನುಭವಿಸಿದ ಒಬ್ಬರು, ಮುಂದೆ ಪರ್ತ್ ನಗರದ ಕರ್ಟಿನ್ ವಿಶ್ವವಿದ್ಯಾಲಯದಲ್ಲಿ ಹಣ ತೆತ್ತು ಕೊಂಡ ಬೇರೊಂದು ಪಾಠವ್ಯವಸ್ಥೆಯನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದು, ಅದರಿಂದ ತೃಪ್ತಿ ಹೊಂದದೆ ತಮ್ಮದೇ ಆದ ವ್ಯವಸ್ಥೆಯನ್ನು ಕಟ್ಟಲು ತೊಡಗಿದರೆಂಬ ಸಂಗತಿ ನನಗೆ ಯಾವಾಗಲೂ ಅರ್ಥವತ್ತಾಗಿ ತೋರಿದೆ. ಅದರ 1.0 ಆವೃತ್ತಿ ಬಿಡುಗಡೆಯಾದುದು 2002ರ ಆಗಸ್ಟ್ 20ರಂದು. ಪಿಎಚ್‌ಪಿ ಭಾಷೆಯಲ್ಲಿ ಬರೆದ ಆ ತಂತ್ರಾಂಶವನ್ನು, ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಿಕೊಳ್ಳಬಹುದಾದ ಮುಕ್ತ ಪರವಾನಗಿಯಡಿ ಅವರು ಲೋಕಕ್ಕೆ ಬಿಟ್ಟುಕೊಟ್ಟದ್ದರಿಂದಲೇ, ಪರವಾನಗಿಗಾಗಿ ಒಂದು ರೂಪಾಯಿಯನ್ನೂ ತೆಗೆದಿಡಲಾರದ ನಮ್ಮಂಥ ಕಾಲೇಜಿನ ಪ್ರಯೋಗಾಲಯಕ್ಕೂ ಅದು ಬಂದಿತು. ಬಂದುದಲ್ಲದೆ, ನಮ್ಮ ಮಕ್ಕಳ ಅನುಕೂಲಕ್ಕೆ ತಕ್ಕಂತೆ ಅದನ್ನು ಬದಲಿಸಿಕೊಳ್ಳುವ ಅಧಿಕಾರವನ್ನೂ ತಂದಿತು.

ದೂರದಿಂದ ಕಲಿಯುವ ಪರಿಪಾಠ ನಮ್ಮ ನಾಡಿಗೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾಲಯವು 1969ರಲ್ಲಿಯೇ ಅಂಚೆ ತೆರಪಿನ ಶಿಕ್ಷಣವನ್ನು ಆರಂಭಿಸಿತ್ತು. ಅದೇ ಮುಂದೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಗಿ ಬೆಳೆಯಿತು. 2004ರಲ್ಲಿ ಎಜುಸ್ಯಾಟ್ ಉಪಗ್ರಹವು ಕಕ್ಷೆಗೆ ಸೇರಿದ ಮೇಲೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಾಠಗಳು ಆಕಾಶಮಾರ್ಗವಾಗಿ ಕಾಲೇಜುಗಳಿಗೆ ಇಳಿದವು. ಆದರೆ ಅಂಚೆಯಲ್ಲಿ ಬಂದ ಪಾಠದ ಕಟ್ಟಿಗೆ ಮೇಲೊಂದು ಹಾಳೆ, ಕೆಳಗೊಂದು ಹಾಳೆ ಇದ್ದೇ ಇರುತ್ತಿದ್ದುವು. ಕೈಯಲ್ಲಿ ಹಿಡಿದೊಡನೆಯೇ ಎಷ್ಟು ಓದಿದ್ದೇನೆ, ಎಷ್ಟು ಉಳಿದಿದೆ ಎಂಬುದು ಬೆರಳಿಗೆ ತಿಳಿಯುತ್ತಿತ್ತು. ಉಪಗ್ರಹದ ಪಾಠಕ್ಕೆ ಗಡಿಯಾರದ ಅನುಕ್ರಮವಿದ್ದಿತು. ಪರದೆಯ ಮೇಲಿನ ಪಾಠಕ್ಕೆ ಈ ಎರಡು ಆಧಾರಗಳೂ ಇಲ್ಲ. ವಿದ್ಯಾರ್ಥಿಯು ಯಾವ ಪುಟದಿಂದ ಬೇಕಾದರೂ ಯಾವ ಪುಟಕ್ಕೆ ಬೇಕಾದರೂ ಬಂದು ಬೀಳಬಹುದಾದುದರಿಂದ, ಗ್ರಂಥಕ್ಕೆ ಹೊಲಿಗೆಯೂ ಪುಟಸಂಖ್ಯೆಯೂ ವಿಷಯಸೂಚಿಯೂ ಕೂಡಿ ಮಾಡುವ ಉಪಕಾರವನ್ನು ಇಲ್ಲಿ ನೆತ್ತಿಯ ಮೇಲಿನ ಆ ಸಾಲು ಒಂಟಿಯಾಗಿ ಮಾಡಬೇಕಾಗುತ್ತದೆ.

ನಮ್ಮ ವಿದ್ಯಾರ್ಥಿಗಳಾರೆಂಬುದನ್ನು ಹೇಳದೆ ಮುಂದಿನ ಮಾತು ತಿಳಿಯಲಾರದು. ದೊಡ್ಡಬಳ್ಳಾಪುರವು ನೇಯ್ಗೆಯ ಊರು. ವಿದ್ಯುತ್ ಮಗ್ಗಗಳ ಸದ್ದು ಹಗಲೂ ರಾತ್ರಿಯೂ ಓಣಿ ಓಣಿಗಳಲ್ಲಿ ಕೇಳಿಬರುತ್ತದೆ. ನಮ್ಮಲ್ಲಿ ಓದುತ್ತಿದ್ದವರಲ್ಲಿ ಅನೇಕರು ಮಗ್ಗದ ಮನೆಯವರು. ರಾತ್ರಿಪಾಳಿಯಲ್ಲಿ ಸೀರೆಯ ಮೇಲೆ ಕಣ್ಣಿಟ್ಟು ನಿಂತು, ಬೆಳಗಿನ ತರಗತಿಯಲ್ಲಿ ಕಣ್ಣೆಳೆಯುತ್ತ ಕುಳಿತುಕೊಳ್ಳುತ್ತಿದ್ದ ಹುಡುಗರನ್ನು ನಾನು ಎಬ್ಬಿಸುತ್ತಿರಲಿಲ್ಲ. ಉಡುಪಿನ ಕಾರ್ಖಾನೆಗಳಿಗೆ ಹೋಗಿಬರುತ್ತಿದ್ದವರೂ ಇದ್ದರು. ಸಾಸಲು, ತೂಬಗೆರೆ, ಮಧುರೆ ಹೋಬಳಿಗಳ ರಾಗಿ ಹೊಲದ ಮಕ್ಕಳು ಬಸ್ಸಿನ ವೇಳೆಗೆ ಬದ್ಧರು; ಕಡೆಯ ಬಸ್ಸು ತಪ್ಪೀತೆಂದು ಮಧ್ಯಾಹ್ನದ ಪ್ರಯೋಗದ ತರಗತಿಯನ್ನು ಅರ್ಧಕ್ಕೆ ಬಿಟ್ಟು ಏಳಬೇಕಾದವರು. ದೇವನಹಳ್ಳಿಯ ಕಡೆಯಿಂದ ಬರುತ್ತಿದ್ದವರಲ್ಲಿ ಕೆಲವರ ಮನೆಗಳಲ್ಲಿ, 2008ರಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ, ಹೊಲದ ಮಾತಿಗಿಂತ ಡ್ಯೂಟಿಯ ಮಾತೇ ಹೆಚ್ಚಾಗಿತ್ತು. ಇಂಥವರು ತಪ್ಪಿಸಿಕೊಂಡ ಪಾಠವನ್ನು ತಮಗೆ ಬಿಡುವಾದಾಗ ಓದಿಕೊಳ್ಳಲಿ ಎಂಬ ಒಂದೇ ಉದ್ದೇಶದಿಂದ 2009ರಲ್ಲಿ ನಾವು ಮೂಡಲ್‌ನ 1.9 ಆವೃತ್ತಿಯನ್ನು ಪ್ರಯೋಗಾಲಯದ ಒಂದು ಸಾಧಾರಣ ಯಂತ್ರದ ಮೇಲೆ ಸ್ಥಾಪಿಸಿದೆವು. ಅದಕ್ಕೆ ಜೊತೆಯಾಗಿ ಹಳೆಯ ಪ್ರಶ್ನೆಪತ್ರಿಕೆಗಳ ಭಂಡಾರವೊಂದನ್ನು ನಾವೇ ಬರೆದು ಸೇರಿಸಿದೆವು.

ಪಾಠಗಳೇನೋ ಏರಿದವು. ಅವುಗಳನ್ನು ತಲಪುವ ದಾರಿ ಮಾತ್ರ ದುರ್ಗಮವಾಗಿದ್ದಿತು. ತೂಬಗೆರೆಯ ಕಡೆಯ ಒಬ್ಬ ಹುಡುಗಿ, ಓದಿನಲ್ಲಿ ಚುರುಕಾದವಳು, ಒಂದು ದಿನ ಸಿಬ್ಬಂದಿಯ ಕೊಠಡಿಯ ಬಾಗಿಲಲ್ಲಿ ನಿಂತು, “ಸಾರ್, ಪಾಠ ಎಲ್ಲೈತೆ ಅಂತ ಹುಡುಕೋ ಹೊತ್ತಿಗೆ ಕರೆನ್ಸಿ ಮುಗ್ದೋಗಿರುತ್ತೆ” ಎಂದಳು. “ಎಲ್ಲಿ, ತೋರಿಸಮ್ಮ” ಎಂದು ಅವಳ ಫೋನನ್ನು ತೆಗೆದುಕೊಂಡು ನೋಡಿದೆ. ಗುಂಡಿಗಳಿದ್ದ, ಅಂಗೈಗಿಂತ ಚಿಕ್ಕ ಪರದೆಯ ಫೋನು ಅದು. ಅದರಲ್ಲಿ ಕನ್ನಡದ ಅಕ್ಷರಗಳೇ ಇರಲಿಲ್ಲ. ಆಗ ನಮ್ಮ ಹುಡುಗರೆಲ್ಲ ಒಬ್ಬರಿಂದೊಬ್ಬರು ಕಲಿತಿದ್ದ ಉಪಾಯದಂತೆ ಅವಳೂ ಆಪೆರಾ ಮಿನಿ ಎಂಬ ಬ್ರೌಸರಿನಲ್ಲಿ, ಕ್ಲಿಷ್ಟಲಿಪಿಗಳನ್ನು ಚಿತ್ರರೂಪವಾಗಿ ತರಿಸಿಕೊಳ್ಳುವ ಆಯ್ಕೆಯನ್ನು ತಿರುಗಿಸಿಕೊಂಡಿದ್ದಳು. ಅಂದರೆ ಅವಳು ಓದುತ್ತಿದ್ದ ಒಂದೊಂದು ಕನ್ನಡದ ಪದವೂ ದೂರದ ಯಂತ್ರವೊಂದರಲ್ಲಿ ಚಿತ್ರವಾಗಿ, ಆಮೇಲೆ ಅವಳ ಫೋನಿಗೆ ಇಳಿಯುತ್ತಿತ್ತು; ಇಂಗ್ಲಿಷಿನ ಪುಟಕ್ಕಿಂತ ಕನ್ನಡದ ಪುಟಕ್ಕೆ ಹೆಚ್ಚು ಹಣ ಹಿಡಿಯುತ್ತಿತ್ತು.

ಅವಳ ಕೈಯಲ್ಲಿ ನಮ್ಮ ತಾಣವು ಹೇಗೆ ಕಾಣುತ್ತಿತ್ತೆಂಬುದನ್ನು ನಾನು ಅಂದು ಸಾವಧಾನವಾಗಿ ನೋಡಿದೆ. 1.9ರ ಪುಟವು ಕೋಷ್ಟಕದ ಮೂರು ಕಂಬಗಳಲ್ಲಿ ನಿಂತದ್ದು: ಎಡಗಡೆ, ನಡುವೆ, ಬಲಗಡೆ. ದೊಡ್ಡ ಪರದೆಯ ಮೇಲೆ ಪಾಠವಿರುವ ನಡುವಣ ಕಂಬಕ್ಕೆ ಕಣ್ಣು ನೇರವಾಗಿ ಹೋಗುತ್ತದೆ. ಚಿಕ್ಕ ಪರದೆಯ ಫೋನು ಆ ಮೂರು ಕಂಬಗಳನ್ನು ಒಂದರ ಕೆಳಗೊಂದಾಗಿ ಇಳಿಬಿಡುತ್ತದಾದುದರಿಂದ, ಎಡಗಂಬದಲ್ಲಿದ್ದ ಸದಸ್ಯರ ಪಟ್ಟಿ, ಚಟುವಟಿಕೆಗಳ ಪಟ್ಟಿ, ಹುಡುಕುವ ಪೆಟ್ಟಿಗೆ, ಇತರ ಕೋರ್ಸುಗಳ ಪಟ್ಟಿ, ಇವಿಷ್ಟನ್ನೂ ಕೆಳಬಾಣದ ಗುಂಡಿಯನ್ನು ಒತ್ತೊತ್ತಿ ದಾಟಿದ ಮೇಲೆಯೇ ಅವಳಿಗೆ ಪಾಠದ ಮೊದಲ ಅಕ್ಷರದ ದರ್ಶನ. ದಾಟಿದ ಪ್ರತಿಯೊಂದು ಸಾಲಿಗೂ ಅವಳ ಕರೆನ್ಸಿ ಸಂದಾಯವಾಗುತ್ತಿದ್ದಿತು. ಥೀಮಿನ ಸಂರಚನೆಯಲ್ಲಿ ಮೂರು ಕಂಬಗಳ ಅನುಕ್ರಮವನ್ನು ಹೇಳುವ ಒಂದು ಸಾಲಿದೆ. ಅದರಲ್ಲಿ ನಡುವಣ ಕಂಬವನ್ನು ಮೊದಲಿಗೆ ತಂದಾಗ ಪಾಠವು ಮೇಲಕ್ಕೆ ಬಂದಿತು. ನಾನು ಮಾಡಿದ ಮೊದಲ ತಿದ್ದುಪಾಟು ಅದು. ಅದರ ಫಲವನ್ನು ಮರುದಿನವೇ ಕಂಡಾಗ ನ್ಯಾವಿಗೇಷನ್ ಎಂಬುದು ಪುಟದ ಅಲಂಕಾರವೆಂದು ತಿಳಿಯುವವರ ಮಾತು ನನಗೆ ಆಮೇಲೆ ಎಂದೂ ರುಚಿಸಲಿಲ್ಲ.

ಇನ್ನು ನೆತ್ತಿಯ ಸಾಲಿನ ವಿಚಾರ. 1.9ಕ್ಕೆ ಮುಂಚಿನ ಆವೃತ್ತಿಗಳಲ್ಲಿ ಪ್ರತಿಯೊಂದು ಪುಟವೂ ತನ್ನ ದಾರಿಯನ್ನು ತಾನೇ ಒಂದು ವಾಕ್ಯದಂತೆ ಬರೆದು ಶಿರೋಭಾಗವನ್ನು ಮುದ್ರಿಸುವ ಕಾರ್ಯಕ್ಕೆ ಒಪ್ಪಿಸುತ್ತಿತ್ತು. ಹೆಸರು ಹೆಸರುಗಳ ನಡುವೆ ಒಂದು ಅಡ್ಡಗೆರೆಯನ್ನೂ ಒಂದು ಕೋನಚಿಹ್ನೆಯನ್ನೂ ಕೂಡಿಸಿ ಬರೆದಿಟ್ಟರೆ, ತಂತ್ರಾಂಶವು ಅದನ್ನು ಅಂದವಾದ ಬಾಣವಾಗಿ ಬದಲಿಸುತ್ತಿತ್ತು. 1.9ರಲ್ಲಿ ವಾಕ್ಯದ ಬದಲು ಪಟ್ಟಿ ಬಂದಿತು. ಹೆಸರು, ಕೊಂಡಿ, ಬಗೆ ಎಂಬ ಮೂರು ಅಂಗಗಳುಳ್ಳ ಒಂದೊಂದು ಘಟ್ಟವನ್ನೂ ಪುಟವು ಸಾಲಾಗಿ ಜೋಡಿಸಿ, ಬಿಲ್ಡ್ ನ್ಯಾವಿಗೇಷನ್ ಎಂಬ ಕಾರ್ಯಕ್ಕೆ ಕೊಡಬೇಕು. ಅದು ಮುಖಪುಟವನ್ನೂ ಕೋರ್ಸನ್ನೂ ತಾನೇ ಮುಂದೆ ಸೇರಿಸಿ ದಾರಿಯನ್ನು ಪೂರ್ಣಗೊಳಿಸುತ್ತದೆ. ಇದು ಹಿಂದಿನದಕ್ಕಿಂತ ಎಷ್ಟೋ ಮೇಲಾದ ಪದ್ಧತಿ. ಆದರೂ ದಾರಿಯನ್ನು ಹೇಳುವ ಭಾರವು ಪುಟದ ಮೇಲೆಯೇ ಉಳಿದಿದ್ದರಿಂದ, ಬೇರೆ ಬೇರೆಯವರು ಬರೆದ ಪುಟಗಳು ಬೇರೆ ಬೇರೆ ಬಗೆಯಲ್ಲಿ ದಾರಿ ಹೇಳುತ್ತಿದ್ದವು. ಪ್ರಶ್ನೆಪತ್ರಿಕೆಗಳ ಭಂಡಾರದಲ್ಲಿ ವರ್ಷದ ಪಟ್ಟಿಯ ಪುಟವು ಒಂದು ದಾರಿಯನ್ನೂ, ಅದರೊಳಗಿನ ಪತ್ರಿಕೆಯ ಪುಟವು ಇನ್ನೊಂದನ್ನೂ ತೋರಿಸುತ್ತಿದ್ದಿತು.

ಅದಕ್ಕಿಂತಲೂ ಆಳವಾದ ತೊಡಕನ್ನು ನನಗೆ ತೋರಿಸಿಕೊಟ್ಟವರು ವಾಣಿಜ್ಯ ವಿಭಾಗದ ಹಿರಿಯ ಉಪನ್ಯಾಸಕಿಯೊಬ್ಬರು. ಗಣಕವೆಂದರೆ ಅವರಿಗೆ ಅಷ್ಟಾಗಿ ಪರಿಚಯವಿರಲಿಲ್ಲ. ವಿದ್ಯಾರ್ಥಿಗಳ ಮನಸ್ಸನ್ನಾದರೋ ಅವರಷ್ಟು ಬಲ್ಲವರು ನಮ್ಮಲ್ಲಿ ಇನ್ನೊಬ್ಬರಿರಲಿಲ್ಲ. ಲೆಕ್ಕಶಾಸ್ತ್ರದ ಅವರ ಟಿಪ್ಪಣಿಯ ನೆತ್ತಿಯ ಮೇಲೆ ಆಗ ಇದ್ದ ದಾರಿ ಹೀಗೆ: ಮುಖಪುಟ, ಆಮೇಲೆ ವಿಶ್ವವಿದ್ಯಾಲಯದ ಪತ್ರಿಕೆಯ ಸಂಕೇತ, ಆಮೇಲೆ “ಸಂಪನ್ಮೂಲಗಳು”, ಕಡೆಗೆ “ಸವಕಳಿ”. ಕೋರ್ಸಿಗೆ ಮೂಡಲ್‌ನಲ್ಲಿ ಪೂರ್ಣನಾಮ, ಕಿರುನಾಮ ಎಂದು ಎರಡು ಹೆಸರುಗಳು. ದಾರಿಯಲ್ಲಿ ಕಾಣುವುದು ಕಿರುನಾಮ. ಕಚೇರಿಯವರು ಅಲ್ಲಿ ಪತ್ರಿಕೆಯ ಸಂಕೇತವನ್ನು ತುಂಬಿದ್ದರು. ಅದರ ಮುಂದಿನ ಘಟ್ಟವು 1.9ರ ಸ್ವಭಾವದಿಂದ ಬಂದದ್ದು. ಆ ಆವೃತ್ತಿಯು ಪ್ರತಿಯೊಂದು ವಸ್ತುವನ್ನೂ ಅದರ ಜಾತಿಯ ಹೆಸರಿನ ಕೆಳಗೆ ನಿಲ್ಲಿಸಿ ತೋರಿಸುತ್ತಿತ್ತು: ಟಿಪ್ಪಣಿಯಾದರೆ ಸಂಪನ್ಮೂಲಗಳು, ಪರೀಕ್ಷೆಯಾದರೆ ರಸಪ್ರಶ್ನೆಗಳು, ಬರೆದೊಪ್ಪಿಸುವುದಾದರೆ ನಿಯೋಜಿತ ಕಾರ್ಯಗಳು. ಒಂದೇ ಪಾಠದ ಟಿಪ್ಪಣಿಯೂ ಅದರ ಲೆಕ್ಕಗಳೂ ಅದರ ಕಿರುಪರೀಕ್ಷೆಯೂ ಮೂರು ದಾರಿಗಳ ಕೊನೆಯಲ್ಲಿ ಪ್ರತ್ಯೇಕವಾಗಿ ನಿಂತಿದ್ದವು.

“ನೋಡಿ ಸಾರ್,” ಎಂದರು ಅವರು, “ಮಕ್ಕಳು ಪೇಪರ್ ಕೋಡು ನೋಡೋದು ಹಾಲ್ ಟಿಕೆಟ್ ಕೈಗೆ ಬಂದಾಗ ಮಾತ್ರ. ಮನೇಲಿ ಕೂತು ಓದೋವಾಗ ಅವರು ಹುಡುಕೋದು ಸವಕಳಿ ಪಾಠ, ಪಾಲುದಾರಿಕೆ ಪಾಠ. ಟಿಪ್ಪಣಿ ಎಲ್ಲಿದೆಯೋ ಲೆಕ್ಕಾನೂ ಅಲ್ಲೇ ಇರಬೇಕು.” ಈ ಮಾತನ್ನು ಅಂದಿನಿಂದ ನಾನು ಎಷ್ಟೋ ಬಾರಿ ಮನಸ್ಸಿನಲ್ಲಿ ಹೊರಳಿಸಿ ನೋಡಿದ್ದೇನೆ. ಸಂಸ್ಥೆಯು ತನ್ನ ಲೆಕ್ಕಪತ್ರದ ಅನುಕೂಲಕ್ಕಾಗಿ ಪಾಠಗಳನ್ನು ವಿಭಾಗ, ಸೆಮಿಸ್ಟರು, ಸಂಕೇತಗಳ ಕ್ರಮದಲ್ಲಿ ಇಡುತ್ತದೆ. ತಂತ್ರಾಂಶವು ತನ್ನ ದತ್ತಕೋಶದ ಅನುಕೂಲಕ್ಕಾಗಿ ಅವುಗಳನ್ನು ಜಾತಿವಾರಾಗಿ ಇಡುತ್ತದೆ. ಕಲಿಯುವವನ ಬುದ್ಧಿಯಲ್ಲಿ ಅವು ಇವೆರಡು ಕ್ರಮಗಳಲ್ಲಿಯೂ ಇರುವುದಿಲ್ಲ. ಅವನ ಮನಸ್ಸಿನಲ್ಲಿರುವುದು ಅಧ್ಯಾಪಕರು ಕಪ್ಪುಹಲಗೆಯ ಮೇಲೆ ಬರೆದ ಪಾಠದ ಶೀರ್ಷಿಕೆ, ಅದರ ಹಿಂದಿನ ಪಾಠ, ಅದರ ಮುಂದಿನ ಪಾಠ. ದಾರಿಯನ್ನು ರಚಿಸುವವನು ಈ ಮೂರರೊಳಗೆ ಯಾವ ಕ್ರಮವನ್ನು ಪುಟದ ನೆತ್ತಿಗೆ ಏರಿಸಬೇಕೆಂಬುದು ಬೋಧನೆಯ ಪ್ರಶ್ನೆ. ಅದನ್ನು ಕೋಡು ಬರೆಯುವವನ ಕೈಗೆ ಮಾತ್ರ ಬಿಟ್ಟುಬಿಡುವುದು ಸಲ್ಲದು. ಅದನ್ನು ಬರೆಯುವವನು ನಾನೇ ಆಗಿದ್ದಾಗಲೂ ನನ್ನ ಅಭಿಪ್ರಾಯ ಅದೇ ಆಗಿದ್ದಿತು.

ಅವರ ಇಚ್ಛೆಯನ್ನು 1.9ರಲ್ಲಿ ಪೂರ್ಣವಾಗಿ ನೆರವೇರಿಸುವುದು ಸಾಧ್ಯವಿರಲಿಲ್ಲ, ಏಕೆಂದರೆ ಅದರಲ್ಲಿ ಕೋರ್ಸಿನ ವಿಭಾಗಗಳಿಗೆ ಹೆಸರೇ ಇರಲಿಲ್ಲ; ಅಂಕಿ ಒಂದು, ಅದರ ಕೆಳಗೊಂದು ಸಾರಾಂಶ, ಅಷ್ಟೆ. ಹೆಸರಿಲ್ಲದ ವಿಭಾಗವನ್ನು ದಾರಿಯಲ್ಲಿ ಸೇರಿಸುವುದೆಂತು? ಕಿರುನಾಮಗಳನ್ನು ಮಾತ್ರ ತಿದ್ದಿ, ಸಂಕೇತದ ಜಾಗದಲ್ಲಿ “ಲೆಕ್ಕಶಾಸ್ತ್ರ”, “ಗ್ರಾಮೀಣಾಭಿವೃದ್ಧಿ” ಎಂದು ಕನ್ನಡದಲ್ಲಿ ತುಂಬಿದೆವು.

ಅಷ್ಟರಲ್ಲಿ, 2010ರ ನವೆಂಬರಿನಲ್ಲಿ, ಮೂಡಲ್‌ನ 2.0 ಆವೃತ್ತಿ ಪ್ರಕಟವಾಗಿತ್ತು. ನ್ಯಾವಿಗೇಷನ್ನನ್ನು ಅದರಲ್ಲಿ ಬುಡದಿಂದ ಹೊಸದಾಗಿ ಬರೆದಿದ್ದರು. ಆ ಕೋಡಿನ ಕಡತದ ತಲೆಯಲ್ಲಿ 2009 ಎಂಬ ಇಸವಿಯೊಡನೆ ಸ್ಯಾಮ್ ಹೆಮೆಲ್‌ರಿಕ್ ಎಂಬುವರ ಹೆಸರಿದೆ. ನಾನು ಅವರನ್ನು ಕಂಡವನಲ್ಲ, ಆದರೆ ಅವರು ಬರೆದುದನ್ನು ಸಾಲುಸಾಲಾಗಿ ಓದಿದಾಗ ಒಬ್ಬ ಒಳ್ಳೆಯ ಗ್ರಂಥಕರ್ತನ ಸಹವಾಸದಲ್ಲಿದ್ದಂತೆ ಸಂತೋಷಪಟ್ಟಿದ್ದೇನೆ. ಹೊಸ ಪದ್ಧತಿಯಲ್ಲಿ ಪುಟವು ತನ್ನ ದಾರಿಯನ್ನು ಹೇಳುವುದಿಲ್ಲ. ತನ್ನ ವಿಳಾಸ ಇಂಥದು, ತಾನು ಇಂಥ ಕೋರ್ಸಿನ ಇಂಥ ಚಟುವಟಿಕೆಗೆ ಸೇರಿದುದು ಎಂದಷ್ಟೇ ನಿವೇದಿಸಿ ಸುಮ್ಮನಾಗುತ್ತದೆ. ತಾಣವೆಲ್ಲವನ್ನೂ ಒಂದು ವೃಕ್ಷವಾಗಿ ಕಟ್ಟುವ ಕೇಂದ್ರದ ಕೋಡು, ಆ ವಿಳಾಸಕ್ಕೆ ಹೊಂದುವ ಗಂಟನ್ನು ವೃಕ್ಷದಲ್ಲಿ ಹುಡುಕಿ, ಅಲ್ಲಿಂದ ಬೇರಿನವರೆಗೆ ತಾಯಿಗಂಟುಗಳನ್ನು ಹಿಡಿದು ನಡೆದು, ನಡೆದ ಹೆಜ್ಜೆಗಳನ್ನೇ ತಿರುಗುಮುರುಗಾಗಿ ಪುಟದ ನೆತ್ತಿಯ ಮೇಲೆ ಬರೆಯುತ್ತದೆ. ಹಳ್ಳಿಯಲ್ಲಿ ದಾರಿ ಕೇಳಿದರೆ ಒಬ್ಬೊಬ್ಬರೂ ತಮತಮಗೆ ಗೊತ್ತಿದ್ದ ಹಾಗೆ ಅಶ್ವತ್ಥಕಟ್ಟೆಯ ಎಡಕ್ಕೆ, ಡೈರಿಯ ಬಲಕ್ಕೆ ಎಂದು ಹೇಳುವುದುಂಟು. ಅದರ ಬದಲು ಸರ್ವೆ ನಂಬರನ್ನು ಮಾತ್ರ ಕೇಳಿಕೊಂಡು ಗ್ರಾಮನಕ್ಷೆಯನ್ನು ಬಿಚ್ಚಿ ನೋಡಿದ ಹಾಗಾಯಿತು ಇದು.

ಗಂಟುಗಳ ಬಗೆಗಳಿಗೆ ಆ ಕೋಡಿನಲ್ಲಿ ಅಂಕಿಗಳನ್ನು ಕೊಟ್ಟಿದ್ದಾರೆ: ವರ್ಗಕ್ಕೆ 10, ಕೋರ್ಸಿಗೆ 20, ವಿಭಾಗಕ್ಕೆ 30, ಚಟುವಟಿಕೆಗೆ 40. ಕೋರ್ಸು ಮತ್ತು ಚಟುವಟಿಕೆಗಳ ನಡುವೆ 30 ಎಂಬ ಅಂಕಿಯನ್ನು ನಾನು ಮೊದಲು ಕಂಡಾಗ ಆ ಉಪನ್ಯಾಸಕಿಯವರ ಮಾತೇ ನೆನಪಾಯಿತು. ಹೊಸ ಆವೃತ್ತಿಯು ವಿಭಾಗಗಳಿಗೆ ಹೆಸರನ್ನು ಇಡಗೊಟ್ಟಿದ್ದಿತು. ವಿಭಾಗವು ವೃಕ್ಷದಲ್ಲಿ ಒಂದು ಗಂಟಾಗಿ, ಹಾಗೆಯೇ ದಾರಿಯಲ್ಲಿ ಒಂದು ಘಟ್ಟವಾಗಿ ನಿಂತಿದ್ದಿತು. ಸಂಪನ್ಮೂಲಗಳು, ರಸಪ್ರಶ್ನೆಗಳು ಎಂಬ ಜಾತಿಯ ಹೆಸರು ಅಲ್ಲಿಂದ ತೊಲಗಿದ್ದಿತು. ಸವಕಳಿ ಎಂದು ವಿಭಾಗಕ್ಕೆ ಹೆಸರಿಟ್ಟರೆ ಟಿಪ್ಪಣಿಯೂ ಲೆಕ್ಕವೂ ಕಿರುಪರೀಕ್ಷೆಯೂ ಆ ಒಂದೇ ಹೆಸರಿನ ಕೆಳಗೆ ಬರುತ್ತಿದ್ದವು. ಲೋಕದ ಇನ್ನಾವುದೋ ಮೂಲೆಯ ತರಗತಿಗಳಲ್ಲಿಯೂ ಇದೇ ಕೊರತೆಯನ್ನು ಅನುಭವಿಸಿದ ಅಧ್ಯಾಪಕರು ಇದ್ದಿರಬೇಕೆಂದು ತಿಳಿದು ನನಗೆ ಬಹಳ ಸಮಾಧಾನವಾಯಿತು.

ನಾವು ಹೊಸದಕ್ಕೆ ಏರಿದುದು 2012ರ ಬೇಸಿಗೆಯಲ್ಲಿ, 1.9ರಿಂದ 2.2ಕ್ಕೆ. ಮೂಡಲ್‌ನ ಸ್ವಂತ ಪುಟಗಳು ತಾವಾಗಿಯೇ ಹೊಸ ಪದ್ಧತಿಗೆ ಒಗ್ಗಿಕೊಂಡು ಬಂದಿದ್ದವು. ನಾವು ಬರೆದ ಭಂಡಾರದ ಪುಟಗಳನ್ನು ನಾವೇ ತಿದ್ದಬೇಕಾಯಿತು. ಪಟ್ಟಿ ಕಟ್ಟುವ ಸಾಲುಗಳು, ಬಾಣಗಳನ್ನು ಹಾಕುವ ಸಾಲುಗಳು, ಶಿರೋಭಾಗಕ್ಕೆ ದಾರಿಯನ್ನು ಒಪ್ಪಿಸುವ ಸಾಲುಗಳು ಇವನ್ನೆಲ್ಲ ಕಡತದಿಂದ ಕಡತಕ್ಕೆ ಹೋಗಿ ಅಳಿಸುತ್ತ ಬಂದೆ. ಅಳಿಸಿದುದೇ ಬರೆದುದಕ್ಕಿಂತ ಹೆಚ್ಚು. ಅಳಿಸಿದ ಜಾಗದಲ್ಲಿ ಪುಟದ ವಿಳಾಸವನ್ನು ನಿವೇದಿಸುವ ಒಂದು ಸಾಲು ಸಾಕಾಗುತ್ತಿತ್ತು. ಒಂದು ಕಡೆ ಮಾತ್ರ ವೃಕ್ಷವು ದಾರಿ ಬಿಟ್ಟುಕೊಡಲಿಲ್ಲ. ಭಂಡಾರದ ಪುಟದ ವಿಳಾಸದಲ್ಲಿ ಕೋರ್ಸಿನ ಗುರುತಲ್ಲದೆ ವರ್ಷದ ಗುರುತೂ ಇದ್ದಿತು; ವೃಕ್ಷದಲ್ಲಿದ್ದ ಗಂಟಿಗೆ ವರ್ಷದ ಗುರುತಿರಲಿಲ್ಲ; ವಿಳಾಸಗಳನ್ನು ಅಕ್ಷರಶಃ ಹೋಲಿಸಿ ನೋಡುವ ಕೋಡಿಗೆ ಇವೆರಡೂ ಬೇರೆಬೇರೆಯಾಗಿ ತೋರಿ, ದಾರಿಯು ನಡುವೆಯೇ ಕಡಿದುಹೋಗುತ್ತಿತ್ತು. ಇದಕ್ಕೆ ಪರಿಹಾರವನ್ನು ಮೂಡಲ್ ಬರೆದವರೇ ಇಟ್ಟಿದ್ದಾರೆ: ಪ್ರತಿಯೊಂದು ಚಟುವಟಿಕೆಯೂ ತನ್ನ ಕೊಂಬೆಗೆ ತನಗೆ ಬೇಕಾದ ಗಂಟುಗಳನ್ನು ಸೇರಿಸಿಕೊಳ್ಳಲು ಒಂದು ಕಾರ್ಯವನ್ನು ಬರೆದುಕೊಳ್ಳಬಹುದು. ಅದರ ಮೂಲಕ ಒಂದೊಂದು ವರ್ಷಕ್ಕೂ ಒಂದೊಂದು ಗಂಟನ್ನು ಸೇರಿಸಿದಾಗ, 2008ರ ಪತ್ರಿಕೆಯಿಂದ 2009ರ ಪತ್ರಿಕೆಗೆ ಹೋಗಲು ಹಿಂದಕ್ಕೆ ಬಂದು ಮತ್ತೆ ಮುಂದಕ್ಕೆ ಹೋಗಬೇಕಾದ ಅವಸ್ಥೆ ತಪ್ಪಿತು.

ಕನ್ನಡದ ಸಲುವಾಗಿ ಮಾಡಿದ ಕೆಲಸವು ಬೇರೆ ಬಗೆಯದು, ಮತ್ತು ಅದನ್ನು ಮಾಡುವವರು ನಮ್ಮವರೇ ಆಗಬೇಕಾಗಿದ್ದಿತು. ಎಡಮಗ್ಗುಲ ಪಟ್ಟಿಯಲ್ಲಿ ಜಾಗ ಕಡಮೆಯಾದುದರಿಂದ 2.0ರ ಕೋಡು ಉದ್ದವಾದ ಹೆಸರುಗಳನ್ನು ಇಂತಿಷ್ಟು ಅಕ್ಷರಗಳೆಂದು ಎಣಿಸಿ ಕತ್ತರಿಸುತ್ತದೆ; ಸಾಮಾನ್ಯವಾಗಿ 50. ಕತ್ತರಿಸಿದ ಜಾಗದಲ್ಲಿ ಮೂರು ಚುಕ್ಕಿಗಳು. ಇಂಗ್ಲಿಷಿಗೆ ಇದು ಬಾಧಕವಲ್ಲ. ಆದರೆ ಗಣಕದ ಎಣಿಕೆಗೂ ನಮ್ಮ ಎಣಿಕೆಗೂ ತಾಳೆಯಾಗುವುದಿಲ್ಲ. ಅರ್ಥಶಾಸ್ತ್ರ ಎಂಬಲ್ಲಿ ನಮ್ಮ ಕಣ್ಣಿಗೂ ನಾಲಗೆಗೂ ನಾಲ್ಕು ಅಕ್ಷರಗಳು: ಅ, ರ್ಥ, ಶಾ, ಸ್ತ್ರ. ಯೂನಿಕೋಡಿನಲ್ಲಿ ಅದು 11 ಸಂಕೇತಗಳ ಸಾಲು. ಕಡೆಯ ಸ್ತ್ರ ಎಂಬ ಒಂದೇ ಅಕ್ಷರವು ಸಕಾರ, ಹಲಂತ, ತಕಾರ, ಹಲಂತ, ರಕಾರ ಎಂದು ಐದಾಗಿ ಬಿಡಿಸಿಕೊಂಡು ನಿಂತಿರುತ್ತದೆ. ಕತ್ತರಿಯು ಅದರ ನಡುವೆ ಎಲ್ಲಿ ಬಿದ್ದರೂ ಅಕ್ಷರವು ಒಡೆಯುತ್ತದೆ. ಅರ್ಥಶಾಸ್ ಎಂಬಲ್ಲಿಗೆ ನಿಂತ ಹೆಸರುಗಳನ್ನೂ, ಗುಣಿತದ ಚಿಹ್ನೆಯನ್ನು ಕಳೆದುಕೊಂಡು ಬೋಳಾದ ವ್ಯಂಜನಗಳನ್ನೂ ನಾನು ಆ ಪಟ್ಟಿಯಲ್ಲಿ ಕಂಡು ನೊಂದಿದ್ದೇನೆ. ಮಾತೃಭಾಷೆಯಲ್ಲಿ ಓದಲು ಬಂದ ಮಗುವಿಗೆ ಮೊದಲ ಪುಟದಲ್ಲಿಯೇ ಭಗ್ನವಾದ ಅಕ್ಷರವನ್ನು ತೋರಿಸುವುದು ಸಣ್ಣ ವಿಷಯವೆಂದು ನಾನು ಒಪ್ಪಲಾರೆ.

ಕತ್ತರಿಸುವ ಕಾರ್ಯಕ್ಕೆ ನಾನು ಸೇರಿಸಿದ ನಿಯಮ ಚಿಕ್ಕದು. ಕತ್ತರಿ ಬೀಳಬೇಕಾದ ಜಾಗದ ಹಿಂದಿನ ಸಂಕೇತವು ಹಲಂತವಾಗಿದ್ದರೆ, ಅಥವಾ ಮುಂದಿನ ಸಂಕೇತವು ಹಲಂತವೋ ಗುಣಿತದ ಚಿಹ್ನೆಯೋ ಅನುಸ್ವಾರವೋ ವಿಸರ್ಗವೋ ಆಗಿದ್ದರೆ, ಇನ್ನೊಂದು ಸಂಕೇತದಷ್ಟು ಮುಂದಕ್ಕೆ ಸರಿ. ಅಲ್ಲಿಯೂ ಹಾಗೆಯೇ ಪರೀಕ್ಷಿಸು. ಅಕ್ಷರವು ಪೂರ್ಣವಾಗುವ ಪರ್ಯಂತ ಕತ್ತರಿಸಬೇಡ. “ರಾಜ್ಯದಲ್ಲಿ” ಎಂಬಂತೆ ಕಡೆಯ ಒತ್ತಕ್ಷರವೂ ಅದರ ಗುಣಿತವೂ ಒಟ್ಟಿಗೆ ಬರುವ ಹೆಸರುಗಳನ್ನೂ, ಸ್ತ್ರೀ ಎಂಬ ಪದ ಕೊನೆಗೆ ಬರುವ ಹೆಸರುಗಳನ್ನೂ ಆಯ್ದು ಅದನ್ನು ಪರೀಕ್ಷಿಸಿದೆ. ಹಲಂತದಿಂದಲೇ ಕೊನೆಗೊಳ್ಳುವ ಕಂಪ್ಯೂಟರ್, ಮಾರ್ಕೆಟಿಂಗ್ ಮೊದಲಾದ ಪದಗಳಲ್ಲಿ ಹಲಂತದ ಬಳಿಕ ಬರಿಯ ಜಾಗವಿದ್ದರೆ ಅಕ್ಷರ ಮುಗಿಯಿತೆಂದೇ ಎಣಿಸಬೇಕೆಂಬ ಉಪನಿಯಮವನ್ನೂ ಸೇರಿಸಬೇಕಾಯಿತು. ಅದರ ತರುವಾಯ ಪಟ್ಟಿಯ ಹೆಸರುಗಳು ಕೆಲವು ಕಡೆ ತುಸು ಉದ್ದವಾದರೂ, ಒಡೆದ ಅಕ್ಷರ ಮತ್ತೆ ಕಾಣಿಸಲಿಲ್ಲ.

ಹೆಸರುಗಳನ್ನು ಕುರಿತು ಇನ್ನೊಂದು ಮಾತು. ಆ ದಿನಗಳಲ್ಲಿ ಅನೇಕ ಅಧ್ಯಾಪಕರು ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿ, ಯೂನಿಕೋಡು ಬಳಕೆಗೆ ಬರುವ ಮುಂಚಿನ ಅಕ್ಷರವಿನ್ಯಾಸದಲ್ಲಿ, ಟಿಪ್ಪಣಿಗಳನ್ನು ಬೆರಳಚ್ಚು ಮಾಡಿ ಇಟ್ಟಿದ್ದರು. ಮುದ್ರಣಕ್ಕೆ ಆ ಪದ್ಧತಿ ಮಾಡಿದ ಸೇವೆ ದೊಡ್ಡದು. ಅದೇ ಶೀರ್ಷಿಕೆಗಳನ್ನು ತಾಣಕ್ಕೆ ಅಂಟಿಸಿದಾಗ ಮಾತ್ರ ಅವು ರೋಮನ್ ಲಿಪಿಯ ಅಸ್ತವ್ಯಸ್ತವಾದ ಅಕ್ಷರಗಳಾಗಿ ದಾರಿಯಲ್ಲೆಲ್ಲ ಹರಡುತ್ತಿದ್ದವು. ಅವುಗಳನ್ನೆಲ್ಲ ಯೂನಿಕೋಡಿಗೆ ಪರಿವರ್ತಿಸಿ, ಪರಿವರ್ತಕವು ತಪ್ಪಿಸಿದ ಅರ್ಕಾವೊತ್ತುಗಳನ್ನು ಕೈಯಿಂದ ತಿದ್ದಿದವರು ನಮ್ಮ ಗ್ರಂಥಪಾಲಕರು. ಈ ಬಗೆಯ ಶ್ರಮ ಯಾವ ಕೋಡಿನ ತಲೆಬರಹದಲ್ಲಿಯೂ ದಾಖಲಾಗುವುದಿಲ್ಲವಾದುದರಿಂದ ಇಲ್ಲಿ ಹೇಳಿದ್ದೇನೆ.

ಆಮೇಲೆ ಕಾಲವು ಬೇಗ ಬೇಗನೆ ಬದಲಾಯಿತು. ಗುಂಡಿಯ ಫೋನುಗಳು ಹೋಗಿ ಕನ್ನಡವನ್ನು ತಾವೇ ಬಲ್ಲ ಫೋನುಗಳು ಬಂದವು. 2020ರಲ್ಲಿ ಕಾಲೇಜುಗಳ ಬಾಗಿಲು ಮುಚ್ಚಿದಾಗ, ಅದುವರೆಗೆ ತಾಣದ ಕಡೆ ತಲೆ ಹಾಕದಿದ್ದ ಅಧ್ಯಾಪಕರೂ ಅದರೊಳಕ್ಕೆ ಬಂದರು. 2021ರಲ್ಲಿ ರಾಜ್ಯ ಸರ್ಕಾರವು ತನ್ನ ಪದವಿ ಕಾಲೇಜು, ಪಾಲಿಟೆಕ್ನಿಕ್ಕು, ಇಂಜಿನಿಯರಿಂಗ್ ಕಾಲೇಜುಗಳಿಗೆಲ್ಲ ಕಲಿಕಾ ನಿರ್ವಹಣಾ ವ್ಯವಸ್ಥೆಯೊಂದನ್ನು ಆರಂಭಿಸಿದ ಮೇಲೆ, ಇಂಥ ತಾಣಗಳು ಯಾರೋ ಒಬ್ಬಿಬ್ಬರು ಆಸಕ್ತರ ಹವ್ಯಾಸವೆಂಬ ಭಾವನೆ ಹೋಯಿತು. 2022ರ ಏಪ್ರಿಲಿನಲ್ಲಿ ಬಂದ ಮೂಡಲ್‌ನ 4.0 ಆವೃತ್ತಿಯು ನ್ಯಾವಿಗೇಷನ್ನನ್ನು ಇನ್ನೊಮ್ಮೆ ಬುಡಮೇಲಾಗಿ ಬದಲಿಸಿತು. ಪರದೆಯ ತಲೆಯಲ್ಲಿ ತಾಣಕ್ಕೆಲ್ಲ ಸಮಾನವಾದ ಕೆಲವೇ ಕೊಂಡಿಗಳು, ಅದರ ಕೆಳಗೆ ಆ ಪುಟಕ್ಕೆ ಸಂಬಂಧಿಸಿದ ಎರಡನೆಯ ಸಾಲು, ಎಡಗಡೆಯಲ್ಲಿ ಆ ಕೋರ್ಸಿನ ವಿಭಾಗಗಳನ್ನೂ ಅವುಗಳೊಳಗಿನ ಚಟುವಟಿಕೆಗಳನ್ನೂ ಕ್ರಮವಾಗಿ ತೋರಿಸುವ ಸೂಚಿ. ತಾಣವೆಲ್ಲವನ್ನೂ ಎಡಮಗ್ಗುಲಲ್ಲಿ ಹರಡಿಕೊಂಡು ನಿಲ್ಲುತ್ತಿದ್ದ ಮಹಾವೃಕ್ಷವು ಹಿಂದಕ್ಕೆ ಸರಿದು, ವಿದ್ಯಾರ್ಥಿಯು ಓದುತ್ತಿರುವ ಒಂದು ಕೋರ್ಸು ಮುಂದೆ ಬಂದಿತು. ಈ ಬದಲಾವಣೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಹೊಸ ಸೂಚಿಯು ಹಿಡಿದಿರುವುದು ಕಪ್ಪುಹಲಗೆಯ ಕ್ರಮವನ್ನು.

ಈಗ ಆ ತಾಣವನ್ನು ನೋಡಿಕೊಳ್ಳುತ್ತಿರುವವರು ಹೊಸಕೋಟೆಯ ಕಡೆಯ ಒಬ್ಬ ತರುಣ ಅಧ್ಯಾಪಕಿ. 4.0ಕ್ಕೆ ಏರುವ ಮುನ್ನ ಅವರು ನನ್ನ ಹಳೆಯ ಕೋಡನ್ನೆಲ್ಲ ಮುಂದಿಟ್ಟುಕೊಂಡು, “ಸಾರ್, ಇದರಲ್ಲಿ ಯಾವುದನ್ನ ತೆಗೀಬಹುದು, ಯಾವುದನ್ನ ಉಳಿಸ್ಬೇಕು ಹೇಳಿ” ಎಂದು ಕೇಳಿದರು. ಇಬ್ಬರೂ ಕೂತು ನೋಡಿದೆವು. ಚಿಕ್ಕ ಪರದೆಯ ಫೋನುಗಳಿಗೆಂದು ಎಡಮಗ್ಗುಲ ವೃಕ್ಷದ ಬದಲು ನಾನು ಹಿಂದೆ ಮಾಡಿದ್ದ, ಕೊಂಬೆಗಳಿಲ್ಲದ ಸಪಾಟು ಪಟ್ಟಿಯನ್ನು ತೆಗೆದುಹಾಕಿದರು, ಏಕೆಂದರೆ ಹೊಸ ಥೀಮೇ ಅದನ್ನು ಮಾಡುತ್ತದೆ. ಉದ್ದದ ಹೆಸರುಗಳನ್ನು ಈಗ ಬ್ರೌಸರೇ ಜಾಗ ನೋಡಿ ಮಡಿಸುತ್ತದೆಯಾದುದರಿಂದ ಅಕ್ಷರ ಕತ್ತರಿಸುವ ನಿಯಮವೂ ಪಟ್ಟಿಗೆ ಬೇಡವಾಯಿತು. ವಿದ್ಯಾರ್ಥಿಗಳಿಗೆ ಕಳುಹಿಸುವ ಕಿರುಸಂದೇಶಗಳಲ್ಲಿ ಪಾಠದ ಹೆಸರನ್ನು ಮೊಟಕು ಮಾಡುವ ಕಡೆ ಮಾತ್ರ ಅದನ್ನು ಉಳಿಸಿಕೊಂಡರು. ಭಂಡಾರದ ವರ್ಷವಾರು ಗಂಟುಗಳು ಹೊಸ ಎರಡನೆಯ ಸಾಲಿಗೆ ಸ್ಥಳಾಂತರ ಹೊಂದಿದವು.

ಉಳಿದದ್ದು ಹೆಸರಿಡುವ ಕೆಲಸ. ಅಧ್ಯಾಪಕರು ವಿಭಾಗಕ್ಕೆ ಹೆಸರು ಕೊಡದೆ ಬಿಟ್ಟರೆ 4.0 ಆವೃತ್ತಿಯು ಟಾಪಿಕ್ 1, ಟಾಪಿಕ್ 2 ಎಂದು ತಾನೇ ಬರೆದುಕೊಳ್ಳುತ್ತದೆ. ಸೂಚಿಯು ಎಷ್ಟು ಸೊಗಸಾದುದಾದರೂ ಅದರ ತುಂಬ ಅಂಕಿಗಳೇ ನಿಲ್ಲುತ್ತವೆ. ಆ ತರುಣಿ ಒಬ್ಬೊಬ್ಬ ಅಧ್ಯಾಪಕರ ಪಕ್ಕದಲ್ಲಿಯೂ ಕುಳಿತು, ತರಗತಿಯಲ್ಲಿ ಈ ಪಾಠವನ್ನು ನೀವು ಏನೆಂದು ಕರೆಯುತ್ತೀರಿ ಎಂದು ಕೇಳಿ, ಅವರು ಹೇಳಿದ ಹೆಸರನ್ನೇ ತುಂಬುತ್ತ ಬಂದಿದ್ದಾರೆ. ವಾಣಿಜ್ಯ, ಇತಿಹಾಸ, ಗಣಕವಿಜ್ಞಾನಗಳು ಮುಗಿದಿವೆ. ಅರ್ಥಶಾಸ್ತ್ರವೂ ಸಮಾಜಶಾಸ್ತ್ರವೂ ಉಳಿದಿವೆ; ಸೆಮಿಸ್ಟರ್ ಪರೀಕ್ಷೆಗಳಿಗೆ ಮುಂಚೆ ಅವನ್ನೂ ಮುಗಿಸುವುದಾಗಿ ಹೇಳಿದ್ದಾರೆ.